ಹಗೇವಿನ ಮೇಲಿನ ಪಾಯಖಾನೆ

ನನಗೆ ಕೂತಲ್ಲಿ ಕೂರುವ ಗುಣ ಇಲ್ಲ. ಗಜೇಂದ್ರಗಡದ ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಬೆಳಗಾದರೆ ಲಾಳಿ ಅತ್ತಿಂದಿತ್ತ ಓಡುವ ಸದ್ದು. ಆ ಸದ್ದು ನಿಂತಿತೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ: ನೂಲು ಹರಿದಿರಬೇಕು, ಇಲ್ಲವೇ ಅಪ್ಪನ ಸೊಂಟ ಹಿಡಿದಿರಬೇಕು. ಹೀಗಾಗಿ ಮನೆಯಲ್ಲಿ ಎಲ್ಲ ಸರಿಯಿದ್ದಾಗಲೂ ಒಂದು ಕಿವಿಯನ್ನು ಯಾವುದಾದರೊಂದು ಸದ್ದಿನ ಮೇಲೆ ಇಟ್ಟಿರುವುದು ನನ್ನ ಹಳೆಯ ರೋಗ. ಮದುವೆಯಾಗಿ ರೋಣ ದಾಟಿ ನರಗುಂದದ ಕಡೆಯ ಈ ಎರೆನೆಲದ ಊರಿಗೆ ಬಂದ ಹೊಸತರಲ್ಲೇ ಅತ್ತೆ ನನಗೆ ‘ಗಡದಾಕಿ’ ಎಂದು ಹೆಸರಿಟ್ಟರು. ಗಡದಾಕಿಯ ಕಾಲಿಗೆ ಚಕ್ರ ಕಟ್ಟಿದೆ, ಕೂಡು ಅಂದರೆ ಆಕೆಗೆ ಬೈದಂತಾಗುತ್ತದೆ ಎಂದು ಓಣಿಯ ಹೆಂಗಸರ ಮುಂದೆ ಹೇಳುತ್ತಿದ್ದರು. ಸುಳ್ಳೇನಲ್ಲ.

ಆ ಮುಂಜಾನೆ ಕಿವಿಗೆ ಬಿದ್ದದ್ದು ಗುಳುಗುಳು ಸದ್ದು. ಭಾದ್ರಪದದ ಮಳೆ ಎರಡು ದಿನದಿಂದ ಬಿಟ್ಟೂಬಿಡದೆ ಹೊಡೆದಿತ್ತು. ಅತ್ತೆ ಪಾಯಖಾನೆಯಿಂದ ಎದ್ದು, ವಾಕರ್ ಹಿಡಿದುಕೊಂಡು ಹೊಸ್ತಿಲಾಚೆ ನಿಂತಿದ್ದರು. ನಾನು ಒಳಗೆ ಹೋಗಿ ಫ್ಲಶ್ ಒತ್ತಿದೆ. ಇಳಿಯಬೇಕಾದ ನೀರು ಏರತೊಡಗಿತು. ನೋಡುತ್ತಿದ್ದಂತೆ ಕಮೋಡಿನ ಅಂಚಿಗೆ ಬಂತು, ಅಂಚಿನಿಂದ ನೆಲದ ಫರಸಿಗೆ, ಫರಸಿಯಿಂದ ಹೊಸ್ತಿಲಿಗೆ. ನಾನು ಕಸಬರಿಗೆ ಹಿಡಿದು ಹಿಂದಕ್ಕೆ ತಳ್ಳಿದಷ್ಟೂ ಅದು ನನ್ನನ್ನು ಸುತ್ತುವರಿದು ಹೊರಗೆ ಹೊರಟಿತು. ತಿರುಗಿ ನೋಡಿದರೆ ಅತ್ತೆಯ ಪಾದ ತೊಯ್ದಿದ್ದವು. ಅವರು ಹಿಂದೆ ಸರಿಯಲಿಲ್ಲ. ಸರಿಯಲು ಆಗುತ್ತಲೂ ಇರಲಿಲ್ಲ. ತಮ್ಮ ಪಾದವನ್ನೇ ನೋಡುತ್ತ ಮೆಲ್ಲಗೆ, “ಹಗೇ ತುಂಬೇತಿ” ಅಂದರು.

ನನಗೆ ಮೈಯೆಲ್ಲ ಉರಿಯಿತು. ಮೂಗು ಹಿಡಿದುಕೊಂಡು ಹೊಲಸಿನಲ್ಲಿ ನಿಂತವಳಿಗೆ ಇಂಥ ಮಾತು ಬೇಕೇ? ಆ ಮಾತು ನನಗೇ ಚುಚ್ಚಿದ್ದು ಎಂದುಕೊಂಡೆ. ಯಾಕೆ ಹಾಗನ್ನಿಸಿತು ಎಂಬುದಕ್ಕೆ ಸ್ವಲ್ಪ ಹಿಂದಿನದನ್ನು ಹೇಳಬೇಕು.

ಈ ಸೀಮೆಯ ದೊಡ್ಡ ಮನೆಗಳಲ್ಲಿ ಜೋಳ ಇಡಲು ನೆಲದೊಳಗೆ ಹಗೇವು ಇರುತ್ತಿದ್ದವು. ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ಗಡಿಗೆಯ ಹಾಗೆ ಅಗಲವಾದ ಹೊಟ್ಟೆ, ಸುತ್ತಲೂ ಕಲ್ಲಿನ ಗೋಡೆ. ಸುಗ್ಗಿಯಲ್ಲಿ ಜೋಳ ತುಂಬಿ ಬಾಯಿಗೆ ಕಲ್ಲು ಹೊದಿಸಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲವಂತೆ. ನಾನು ಬರುವ ಹೊತ್ತಿಗೆ ಯಾರೂ ಹಗೇವಿಗೆ ಜೋಳ ಹಾಕುತ್ತಿರಲಿಲ್ಲ. ಬೆಳೆದದ್ದು ಚೀಲಕ್ಕೆ ಬಿದ್ದು ಹೊಲದಿಂದಲೇ ಪೇಟೆಗೆ ಹೋಗುತ್ತಿತ್ತು. ನಮ್ಮ ಹಿತ್ತಲಿನ ಹಗೇವು ಖಾಲಿ ಬಿದ್ದಿತ್ತು, ಒಮ್ಮೊಮ್ಮೆ ಕೋಳಿ ಬೀಳುತ್ತಿದ್ದವು, ಅಷ್ಟೇ.

ನನ್ನ ಅಪ್ಪ ಮದುವೆಯ ಮಾತಿನಲ್ಲಿ ಬಂಗಾರ ಬಟ್ಟೆಯ ವಿಷಯಕ್ಕೆ ಬಾಯಿ ತೆರೆಯಲಿಲ್ಲ. ಒಂದೇ ಹಟ ಹಿಡಿದ: ಮನೆಯಲ್ಲಿ ಪಾಯಖಾನೆ ಇರಬೇಕು, ನನ್ನ ಮಗಳು ಚರಿಗೆ ಹಿಡಿದು ಬಯಲಿಗೆ ಹೋಗುವುದಿಲ್ಲ. ಬೀಗರು ಒಪ್ಪಿದರು. ಮಾವ ಲೆಕ್ಕಾಚಾರದ ಮನುಷ್ಯ. ಪಾಯಖಾನೆ ಕಟ್ಟುವುದೇನೋ ಸರಿ, ಆದರೆ ಇಷ್ಟು ಚಂದದ ಕಲ್ಲು ಕಟ್ಟಿದ ತೆಗ್ಗು ಹಿತ್ತಲಲ್ಲಿ ಬಾಯಿ ತೆರೆದುಕೊಂಡು ಬಿದ್ದಿರುವಾಗ ಮತ್ತೊಂದು ಗುಂಡಿ ಯಾಕೆ ತೋಡಬೇಕು ಅಂದರಂತೆ. ಹಗೇವಿನ ಪಕ್ಕದಲ್ಲೇ ಪಾಯಖಾನೆ ಎದ್ದಿತು, ಅದರ ಪೈಪು ಹಗೇವಿನ ಬಾಯಿಗೆ ಹೋಯಿತು, ಬಾಯಿಗೆ ಫರಸಿ ಹಾಕಿ ಸಿಮೆಂಟು ಬಳಿದರು. ನಾನು ನಡುಮನೆಗೆ ಕಾಲಿಡುವ ಮೊದಲೇ ನನ್ನ ಹೆಸರಿನ ಪಾಯಖಾನೆ ಸಿದ್ಧವಾಗಿತ್ತು.

ಅದನ್ನು ಎಲ್ಲರೂ ಬಳಸಿದರು, ಅತ್ತೆಯೊಬ್ಬರನ್ನು ಬಿಟ್ಟು. ಅವರು ಎಂದಿನಂತೆ ನಸುಕಿನಲ್ಲೆದ್ದು ಚರಿಗೆ ಹಿಡಿದು ಹಳ್ಳದ ಕಡೆಯ ಜಾಲಿಗಿಡಗಳತ್ತ ಹೋಗುತ್ತಿದ್ದರು. ಮಳೆಯಿರಲಿ, ಚಳಿಯಿರಲಿ, ಜ್ವರವಿರಲಿ. ಕೇಳಿದರೆ ರೂಢಿ ಅನ್ನುತ್ತಿದ್ದರು, ಒಳಗೆ ಕೂತರೆ ಆಗುವುದಿಲ್ಲ ಅನ್ನುತ್ತಿದ್ದರು. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅಂದಂತೆ, ಒಲ್ಲದ ಸೊಸೆ ತಂದದ್ದು ಎಂದು ಪಾಯಖಾನೆಯ ಮೇಲೂ ಸಿಟ್ಟು ಎಂದೇ ನಾನು ತಿಳಿದೆ. ದಿನಾ ನಸುಕಿನಲ್ಲಿ ಅವರು ಹಿತ್ತಲ ಬಾಗಿಲು ತೆಗೆಯುವ ಸದ್ದು ನನ್ನ ಕಿವಿಗೆ ಬೀಳುತ್ತಿತ್ತು, ದಿನಾ ನನ್ನ ಹೊಟ್ಟೆಯಲ್ಲಿ ಒಂದು ಮುಳ್ಳು ಆಡುತ್ತಿತ್ತು. ಬಾಯಿ ಬಿಟ್ಟು ಜಗಳವಾಡಿದ್ದರೆ ಒಂದೇ ದಿನಕ್ಕೆ ತೀರುತ್ತಿತ್ತೇನೋ. ಅತ್ತೆ ಜಗಳವಾಡುವವರಲ್ಲ.

ಹೋದ ಬೇಸಿಗೆಯ ಕೊನೆಗೆ, ಮೊದಲ ಮಳೆ ಬಿದ್ದ ಮರುದಿನ, ಅದೇ ಹಳ್ಳದ ದಾರಿಯಲ್ಲಿ ಜಾರಿ ಬಿದ್ದರು. ಹಸಿ ಎರೆಮಣ್ಣಿನ ಮೇಲೆ ನಡೆದು ಗೊತ್ತಿದ್ದವರಿಗೇ ಅದರ ಗುಣ ಗೊತ್ತು. ಟೊಂಕದ ಎಲುಬು ಮುರಿಯಿತು. ಗದಗಿನ ದವಾಖಾನೆಯಲ್ಲಿ ಒಳಗೆ ಉಕ್ಕಿನ ಸಳಿ ಹಾಕಿ ಕೂಡಿಸಿದರು. ಇನ್ನು ನೆಲಕ್ಕೆ ಕೂರುವಂತಿಲ್ಲ, ಕುಕ್ಕರುಗಾಲಿನಲ್ಲಿ ಕೂರುವ ಮಾತಂತೂ ಇಲ್ಲವೇ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ದವಾಖಾನೆಯಿಂದ ಮರಳುತ್ತಲೇ ನನ್ನ ಯಜಮಾನರು ಹಳೆಯ ಬೇಸಿನ್ನು ಕಿತ್ತು ಕಮೋಡು ಕೂಡಿಸಿದರು, ಮೇಲೊಂದು ಫ್ಲಶ್ ಟ್ಯಾಂಕು. ಇಷ್ಟು ವರ್ಷಕ್ಕೆ ಮೊದಲ ಸಲ ಅತ್ತೆ ಆ ಬಾಗಿಲೊಳಗೆ ಹೋದರು. ನಾನೇ ರಟ್ಟೆ ಹಿಡಿದು ಒಯ್ಯುತ್ತಿದ್ದೆ. ಸೆರಗನ್ನು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ಕೊನೆಗೂ ಗೆದ್ದೆ ಎಂದು ನನಗೆ ಒಳಗೊಳಗೇ ಒಂದು ಸಣ್ಣ ಖುಷಿ. ಆ ಖುಷಿಗೆ ಆಯುಷ್ಯ ಬಹಳ ಇರಲಿಲ್ಲ. ಅವರು ಕೂರಲು ಸುರುಮಾಡಿದ ಕೆಲವೇ ವಾರದಲ್ಲಿ ಪಾಯಖಾನೆ ಉಕ್ಕಿತು.

ಅವತ್ತಿನಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಯಜಮಾನರು ಬಿದಿರಿನ ದಬ್ಬೆ ತಂದು ಪೈಪಿನಲ್ಲಿ ಆಡಿಸಿದರು. ನಾನು ಹಂಡೆಗಟ್ಟಲೆ ಬಿಸಿನೀರಿಗೆ ಸೋಡಾ ಕಲಸಿ ಸುರಿದೆ. ರೋಣದಿಂದ ನಳದ ಕೆಲಸದವನು ಬಂದು ಉದ್ದನೆಯ ಸ್ಪ್ರಿಂಗಿನ ತಂತಿ ಬಿಟ್ಟು ಎಳೆದು, ಪೈಪಿನಲ್ಲಿ ಕಸ ಸಿಕ್ಕಿಲ್ಲ, ಪೈಪು ಕನ್ನಡಿಯ ಹಾಗಿದೆ ಎಂದು ಹೇಳಿ ಹೋದ. ಗುಂಡಿ ತುಂಬಿರಬಹುದೇ ಎಂದು ಅವನು ಕೇಳಿದ್ದಕ್ಕೆ ಯಜಮಾನರು ನಕ್ಕುಬಿಟ್ಟರು. ನಮ್ಮ ಗುಂಡಿಯ ಬಗ್ಗೆ ನಮಗೆ ಭಾರಿ ಅಭಿಮಾನ. ಎರೆನೆಲ ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿಕೊಂಡರೆ ಊರಿನಲ್ಲಿ ಮುಕ್ಕಾಲು ಮನೆಯ ಗುಂಡಿ ತುಂಬಿ ಮೇಲೆ ಬರುತ್ತವೆ. ನಮ್ಮದು ಒಂದು ಮಳೆಗೂ ಜಗ್ಗಿದ್ದಿಲ್ಲ. ಮಾವ ತೀರಿಕೊಂಡ ವರ್ಷ ಒಮ್ಮೆ ಟ್ಯಾಂಕರ್ ಕರೆಸಿ ಖಾಲಿ ಮಾಡಿಸಿದ್ದು ಬಿಟ್ಟರೆ ಅದರ ಬಾಯಿ ತೆರೆದೇ ಇರಲಿಲ್ಲ. ಹಿರಿಯರು ಕಟ್ಟಿದ್ದು ಎಂದರೆ ಹೀಗಿರಬೇಕು ಎಂದು ಯಜಮಾನರು ಬಂದವರಿಗೆಲ್ಲ ಹೇಳುತ್ತಿದ್ದರು.

ಕೊನೆಗೆ ಫರಸಿ ಎತ್ತಿ ನೋಡಿದರೆ ಬಾಯಿಮಟ ತುಂಬಿ ನಿಂತಿತ್ತು. ಟ್ಯಾಂಕರಿಗೆ ಫೋನು ಮಾಡಿದರೆ, ಕೆಸರು ಆರುವ ತನಕ ಗಾಡಿ ನಿಮ್ಮ ಓಣಿಗೆ ಬಂದರೆ ಮರಳಿ ಹೋಗುವುದಿಲ್ಲ ಅಂದರು. ಆರುವ ತನಕ ಏನು ಮಾಡುವುದು? ಓಣಿಯಲ್ಲಿ ಆಳಿಗೊಂದು ಮಾತು. ಸಗಣಿ ಕಲಸಿ ಹಾಕಿದರೆ ಹುಳ ಹುಟ್ಟಿ ಎಲ್ಲ ತಿಂದು ಇಳಿಸುತ್ತವೆ ಎಂದು ಒಬ್ಬರು ಹೇಳಿದರು. ಎರಡು ಬುಟ್ಟಿ ಸಗಣಿ ಕದಡಿ ಹಾಕಿದೆವು. ಹುಳ ಹುಟ್ಟಿದವೋ ಇಲ್ಲವೋ ತಿಳಿಯದು, ತುಂಬಿದ ಗುಂಡಿಗೆ ಎರಡು ಬುಟ್ಟಿ ಸಗಣಿ ಹೆಚ್ಚಾಯಿತು. ಯಜಮಾನರು ಮೋಟಾರ್ ಸೈಕಲ್ ಹತ್ತಿ ಹೊಲಕ್ಕೆ ಹೋಗಿಬರತೊಡಗಿದರು. ನಾನು ಹಾಲಿಗೆ ಹೆಪ್ಪು ಬೇಕೆಂದು ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗಿ, ಮಾತಾಡುತ್ತ ಮಾತಾಡುತ್ತ ಅವರ ಹಿತ್ತಲಿಗೆ ದಾಟುತ್ತಿದ್ದೆ. ದಿನಕ್ಕೆ ಎಷ್ಟು ಸಲ ಹೆಪ್ಪು ಕೇಳುವುದು? ಮೂರನೆಯ ದಿನ ಆಕೆ ಬಾಗಿಲಲ್ಲೇ ನಿಂತು ನಗುತ್ತ, ಬಟ್ಟಲು ಅಲ್ಲೇ ಇಟ್ಟು ಮೊದಲು ಹೋಗಿ ಬಾ ಅಂದಳು.

ನಮ್ಮ ಫಜೀತಿ ನಾವು ಹೇಗೋ ನೀಗಿಸಿದೆವು. ಅತ್ತೆ ಎಲ್ಲಿಗೆ ಹೋಗಬೇಕು? ಅವರಿಗಾಗಿ ಮಂಚದ ಪಕ್ಕ ತೂತಿನ ಕುರ್ಚಿಯೊಂದನ್ನು ತಂದಿಟ್ಟೆ, ಕೆಳಗೊಂದು ಬಕೆಟ್ಟು. ಅವರು ಅದರ ಮುಖ ಕೂಡ ನೋಡಲಿಲ್ಲ. ಸೊಸೆಯ ಕೈಲಿ ಬಕೆಟ್ಟು ಎತ್ತಿಸುವ ಕಾಲ ಬಂತೇ ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಊಟಕ್ಕೆ ಕೂತಾಗ ಒಂದು ರೊಟ್ಟಿಯಲ್ಲಿ ಅರ್ಧ ಮುರಿದಿಡುತ್ತಿದ್ದರು. ಮಜ್ಜಿಗೆ ಸಾಕು, ಅಂಬಲಿ ಬೇಡ, ಚಹಾ ಒಲ್ಲೆ. ಅವರ ತಲೆದಿಂಬಿನ ಹತ್ತಿರ ಯಾವಾಗಲೂ ಒಂದು ಹಿತ್ತಾಳೆಯ ತಂಬಿಗೆ ಇರುತ್ತದೆ, ಅದಕ್ಕೆ ಮುಂಜಾನೆ ಒಮ್ಮೆ ಸಂಜೆಗೊಮ್ಮೆ ನಾನು ನೀರು ತುಂಬಿಡುತ್ತೇನೆ. ಒಂದು ಸಂಜೆ ತುಂಬಲು ಹೋದರೆ ಮುಂಜಾನೆಯ ನೀರು ಹಾಗೇ ಕಂಠಮಟ ನಿಂತಿತ್ತು. ಮರುದಿನವೂ ಹಾಗೇ. ಆಗ ನನಗೆ ತಿಳಿಯಿತು. ಹೋಗಬೇಕಾಗುವುದೇ ಬೇಡವೆಂದು ಈ ಹೆಣ್ಣುಮಗಳು ನೀರನ್ನೇ ಬಿಟ್ಟಿದ್ದರು.

ನನ್ನ ಚಡಪಡಿಕೆ ಅಲ್ಲಿಂದ ಮತ್ತೊಂದು ದಾರಿ ಹಿಡಿಯಿತು. ಕಸ ಹೊಡೆಯುವ ನೆಪದಲ್ಲಿ, ಕೌದಿ ಮಡಚುವ ನೆಪದಲ್ಲಿ, ಸುಮ್ಮನೆ ಕೂಡ, ಕೋಣೆಗೆ ಹೋಗಿ ಹೋಗಿ ತಂಬಿಗೆಯಲ್ಲಿ ಇಣುಕುತ್ತಿದ್ದೆ. ನೀರು ಒಂದು ಬೆರಳು ಇಳಿದಿದ್ದರೆ ಸಮಾಧಾನ, ಇಳಿಯದಿದ್ದರೆ ಒಲೆಯ ಮೇಲಿನ ಪಲ್ಯಕ್ಕೆ ಉಪ್ಪು ಹಾಕುವುದು ಮರೆಯುತ್ತಿತ್ತು. ಕುಡಿಯಿರಿ ಎಂದು ಹೇಳಿದರೆ ಹೂಂ ಅನ್ನುತ್ತಿದ್ದರು. ನಿಂತು ಕುಡಿಸಿದರೆ ಒಂದು ಗುಟುಕು. ನಾಲ್ಕು ದಿನ ಕಳೆಯುವುದರಲ್ಲಿ ಚಳಿಜ್ವರ ಬಂತು. ರೋಣದ ದವಾಖಾನೆಗೆ ಒಯ್ದರೆ ಉರಿಮೂತ್ರ ಅಂದರು. ನೀರು ಕುಡಿಯದಿದ್ದರೆ ಮೂತ್ರಪಿಂಡಕ್ಕೆ ಏಟು ಬೀಳುತ್ತದೆ, ಈ ವಯಸ್ಸಿಗೆ ಅದು ಹುಡುಗಾಟವಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅತ್ತೆ ಎಲ್ಲದಕ್ಕೂ “ಹೌದ್ರಿ, ಹೌದ್ರಿ” ಅಂದರು. ಮರಳಿ ಬರುವಾಗ ಜೀಪಿನಲ್ಲಿ ನಾನು ಕೊಟ್ಟ ನೀರಿನ ಬಾಟಲಿಯನ್ನು ಮಡಿಲಲ್ಲಿ ಹಿಡಿದುಕೊಂಡೇ ಕೂತಿದ್ದರು, ಮುಚ್ಚಳ ತಿರುವಲಿಲ್ಲ.

ಬಿಸಿಲು ಬಿತ್ತು, ಕೆಸರು ಆರಿತು, ಟ್ಯಾಂಕರ್ ಬಂತು, ಗುಂಡಿ ಖಾಲಿಯಾಯಿತು. ನಾನು ಪಾಯಖಾನೆಯನ್ನು ಫಿನೈಲ್ ಹಾಕಿ ತಿಕ್ಕಿ ತಿಕ್ಕಿ ತೊಳೆದೆ. ಇನ್ನೇನು ತೊಂದರೆ ತೀರಿತಲ್ಲ, ಬರ್ರಿ ಎಂದು ಅತ್ತೆಯ ರಟ್ಟೆ ಹಿಡಿದು ಒಯ್ದು ಕೂರಿಸಿದೆ. ಅದಾದ ಮೇಲೆ ತಂಬಿಗೆಯೂ ಖಾಲಿಯಾಗತೊಡಗಿತು. ಮುಂಜಾನೆ ತುಂಬಿದ್ದು ಸಂಜೆಗೆ ಬರಿದು. ಯಜಮಾನರಿಗೆ ತೋರಿಸಿ ಹೆಮ್ಮೆಪಟ್ಟೆ. ಆದರೆ ಅವರು ಸೊರಗುವುದು ನಿಲ್ಲಲಿಲ್ಲ, ತುಟಿ ಒಡೆದೇ ಇದ್ದವು, ಜ್ವರ ಹೋಗಿ ಮತ್ತೆ ಬಂತು. ನನಗೆ ಇದರ ಹದವೇ ಸಿಗಲಿಲ್ಲ. ಹೀಗಿರುವಾಗ ಮಹಾನವಮಿಯ ಮುಂದೆ ಪಾಯಖಾನೆಯಲ್ಲಿ ಮತ್ತೆ ಅದೇ ಗುಳುಗುಳು ಸದ್ದು ಎದ್ದಿತು.

ನರಗುಂದದಲ್ಲಿರುವ ನಾದಿನಿ ಸುದ್ದಿ ಕೇಳಿ ಬಂದಳು. ತಾಯಿಯ ಒಣಗಿದ ಮುಖ ನೋಡಿ ಅವಳ ಕಣ್ಣಲ್ಲಿ ನೀರು. ಅಡುಗೆಮನೆಗೆ ಬಂದು, “ವೈನಿ, ದೀಪಾವಳಿ ಮಟಾ ನೋಡತೀನಿ. ನಿಮ್ಮ ಸಂಡಾಸ ಸುದ್ದ ಆಗಲಿಲ್ಲಂದ್ರ ಅವ್ವನ್ನ ಕರಕೊಂಡು ಹೋಗತೀನಿ” ಅಂದಳು. ಮಾತು ಮೆತ್ತಗೇ ಇತ್ತು, ಹೊಡೆತ ಮೆತ್ತಗಿರಲಿಲ್ಲ. ಮಗಳ ಮದುವೆಯಾದಾಗಿನಿಂದ ಒಂದು ದಿನವೂ ಅವಳ ಮನೆಯಲ್ಲಿ ಉಳಿಯದ ಅತ್ತೆ, ಮಂಚದ ಮೇಲಿಂದ ಆ ಮಾತು ಕೇಳಿಸಿಕೊಂಡರೂ ಬೇಡ ಅನ್ನಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು. ಸೊಸೆಯ ಮನೆಯಲ್ಲಿ ನೀರು ಕುಡಿಯಲಾಗದೆ ಮುದುಕಿ ಮಗಳ ಮನೆ ಸೇರಿದಳು ಎಂದು ಊರು ಆಡಿಕೊಳ್ಳುತ್ತದೆ, ಅದು ಇರಲಿ. ಆಡಿಕೊಳ್ಳುವುದರಲ್ಲಿ ತಪ್ಪೇನು ಎಂದೂ ಅನ್ನಿಸಿತು. ಅವರು ಈ ಮನೆ ಬಿಟ್ಟು ಹೋಗುವುದನ್ನು ನೆನೆದರೆ ನನಗೆ ಹೆದರಿಕೆಯಾಗುತ್ತಿತ್ತು. ಗಡದಾಕಿ ಎಂದು ಕರೆಯುವ ಬಾಯಿ ಇಲ್ಲದ ಮನೆಯಲ್ಲಿ ನಾನು ಯಾರಿಗೆ ಕಿವಿಗೊಡಲಿ?

ಮರುದಿನ ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಮಳೆ ಹೋಗಿ ವಾರಗಳಾಗಿದ್ದವು, ಎರೆನೆಲ ಆಗಲೇ ಬಿರುಕು ಬಿಡತೊಡಗಿತ್ತು. ಹಿತ್ತಲೆಲ್ಲ ಒಣಗಿ ಕಂದಾಗಿರುವಾಗ ಅತ್ತೆಯ ಕೋಣೆಯ ಕಿಟಕಿಯ ಕೆಳಗೆ ಮಾತ್ರ ಮೊರದಷ್ಟು ಜಾಗ ಕರ್ರಗೆ ಹಸಿಯಾಗಿತ್ತು. ಅಲ್ಲಿ ಎಂದೋ ನಾನು ಚುಚ್ಚಿ ಮರೆತಿದ್ದ ಪುದೀನಾ ದಟ್ಟವಾಗಿ ಹಬ್ಬಿ ನಿಂತಿತ್ತು. ನಾನು ಒದ್ದೆ ಸೀರೆ ಕೈಯಲ್ಲಿ ಹಿಡಿದುಕೊಂಡೇ ನಿಂತೆ. ಅಷ್ಟರಲ್ಲಿ ಕಿಟಕಿಯ ಸರಳಿನ ನಡುವಿನಿಂದ ಒಂದು ಸುಕ್ಕುಗಟ್ಟಿದ ಕೈ ಹೊರಬಂತು, ಹಿತ್ತಾಳೆಯ ತಂಬಿಗೆ ಬಾಗಿತು, ನೀರು ಪುದೀನಾದ ಮೇಲೆ ಸುರಿಯಿತು.

ನಾನು ಓಡಿಹೋದ ರಭಸಕ್ಕೆ ಸೀರೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಕೋಣೆಗೆ ನುಗ್ಗಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಈ ಹಟ ಯಾರ ಮೇಲೆ, ಜೀವ ತೆಗೆದುಕೊಂಡು ನನ್ನ ತಲೆಗೆ ಕಟ್ಟಬೇಕೆಂದಿದ್ದೀರಾ, ನಾನು ತಂದ ಪಾಯಖಾನೆ ಎಂಬ ಸಿಟ್ಟು ಇಷ್ಟು ವರ್ಷವಾದರೂ ಆರಲಿಲ್ಲವೇ ಎಂದು ಕೂಗಿದೆ. ಅಳುತ್ತಲೂ ಇದ್ದೆ. ಯಜಮಾನರು ಊಟದ ತಾಟು ಬಿಟ್ಟು ಬಾಗಿಲಿಗೆ ಬಂದು ನಿಂತರು. ಅತ್ತೆ ತಂಬಿಗೆಯನ್ನು ಮೆಲ್ಲಗೆ ಜಾಗದಲ್ಲಿಟ್ಟು, ನನ್ನನ್ನು ಮಂಚದ ಮೇಲೆ ಕೂರಲು ಕೈಸನ್ನೆ ಮಾಡಿದರು. ನಾನು ಕೂತೆ.

“ನಿನ್ನ ಮ್ಯಾಲ ಯಾಕ ಸಿಟ್ಟು ಮಾಡ್ಲಿ? ಅದರಾಗ ಇಳದಾಕಿ ನಾನು” ಅಂದರು.

ಆಮೇಲೆ ಹೇಳಿದ್ದನ್ನು ಅವರು ಅದಕ್ಕೆ ಮೊದಲು ಒಟ್ಟಿಗೆ ಯಾರಿಗೂ ಹೇಳಿರಲಿಲ್ಲ. ಮದುವೆಯಾಗಿ ಬಂದಾಗ ಅವರು ಕಡ್ಡಿಯಂತೆ ಇದ್ದರಂತೆ, ಹಗೇವಿನ ಬಾಯಿಯಲ್ಲಿ ಮನೆಯ ಹೆಂಗಸರಲ್ಲಿ ಅವರೊಬ್ಬರೇ ಹಿಡಿಯುತ್ತಿದ್ದರು. ಜೋಳ ತೆಗೆಯುವ ಹಿಂದಿನ ದಿನವೇ ಬಾಯಿ ತೆರೆದು ಗಾಳಿಯಾಡಲು ಬಿಡುವುದು. ಮರುದಿನ ಹಗ್ಗ ಕಟ್ಟಿ ಕಂದೀಲು ಇಳಿಸುವುದು. ಕಂದೀಲು ಆರಿದರೆ ಯಾರೂ ಇಳಿಯುವಂತಿಲ್ಲ, ಉರಿಯುತ್ತಿದ್ದರೆ ಇವರ ಸೊಂಟಕ್ಕೆ ಹಗ್ಗ ಬಿಗಿದು ಇಳಿಸುವುದು. ಒಳಗೆ ಬೆಚ್ಚಗೆ, ಜೋಳದ ಹುಳಿ ವಾಸನೆ. ಒಂದು ವರ್ಷ ಬೆಳೆ ಬರಲಿಲ್ಲ, ಆಗ ಇಡೀ ಓಣಿ ಆ ಹಗೇವಿನ ಜೋಳ ಉಂಡಿತು. ಖಾಲಿಯಾದಾಗಲೆಲ್ಲ ಇವರೇ ಇಳಿದು ಕಲ್ಲಿನ ಸಂದಿಗೆ ಸುಣ್ಣ ಮೆತ್ತಿ, ಮೇಲೆ ಮಣ್ಣು ಸಾರಿಸಿ, ಹೊಟ್ಟು ಹಾಸಿ ಬರುತ್ತಿದ್ದರು. ಒಂದು ಸಂದಿ ಬಿಟ್ಟರೂ ಮಳೆಗಾಲದ ತೇವ ಒಳಗೆ ಬಂದು ವರ್ಷದ ಅನ್ನ ಕೊಳೆಯುತ್ತಿತ್ತು. ಇದನ್ನು ಹೇಳುವಾಗ ಅವರ ಬೆರಳು ಕೌದಿಯ ಮೇಲೆ ಮಣ್ಣು ಸಾರಿಸಿದಂತೆ ಆಡುತ್ತಿದ್ದವು.

“ಹನಿ ನೀರು ಒಳಗ ಬರಬಾರದಂತ ಕಟ್ಟಿದ್ದು ಅದು. ಬರಾಕ ಬಿಡಲಾರದ್ದು ಹೋಗಾಕ ಹ್ಯಾಂಗ ಬಿಟ್ಟೀತು?”

ಯಜಮಾನರು ಬಾಗಿಲಲ್ಲಿ ನಿಂತಲ್ಲೇ ತಲೆ ಮೇಲೆ ಕೈಯಿಟ್ಟುಕೊಂಡರು. ನಾವು ಬೀಗಿದ್ದೆಲ್ಲ ಯಾವುದಕ್ಕೆ ಎಂದು ಆಗ ತಿಳಿಯಿತು. ಗುಂಡಿ ಎಂದರೆ ನೀರನ್ನು ನೆಲಕ್ಕೆ ಕುಡಿಸಬೇಕು. ನಮ್ಮದು ಇಷ್ಟು ವರ್ಷ ಏನನ್ನೂ ಯಾರಿಗೂ ಕೊಡದೆ ಒಳಗೇ ಕೂಡಿಹಾಕುತ್ತ ಕೂತಿತ್ತು. ಮೊದಲು ಚೊಂಬಿನಲ್ಲಿ ಸುರಿಯುವಾಗ ನೀರು ಕಡಿಮೆ, ಹೇಗೋ ನಡೆಯಿತು. ಫ್ಲಶ್ ಟ್ಯಾಂಕು ಬಂದದ್ದೇ ತಡ, ವರ್ಷಗಳ ಕೆಲಸ ವಾರಗಳಲ್ಲಿ ಮುಗಿಯಿತು.

ಮಾವನವರಿಗೆ ಹೇಳಲಿಲ್ಲವೇ ಎಂದು ಕೇಳಿದೆ. ಹೇಳಿದ್ದರಂತೆ, ಖಾಲಿ ತೆಗ್ಗಿಗೆ ಯಾವ ಮಡಿ ಎಂದು ನಕ್ಕಿದ್ದರಂತೆ. ನನಗಾದರೂ ಹೇಳಬಹುದಿತ್ತಲ್ಲ ಅಂದೆ. ಅದಕ್ಕೆ ಅತ್ತೆಯ ಒಡೆದ ತುಟಿಯಲ್ಲಿ ಸಣ್ಣ ನಗೆ ಬಂತು. ನೀನು ಒಂದು ಕಡೆ ಕೂತು ಕೇಳಿದ್ದು ಇವತ್ತೇ ಅಂದರು. ನಗೆ ಹೋದ ಮೇಲೆ ದನಿ ಇಳಿಸಿ ಹೇಳಿದರು: “ಹೊಟ್ಟಿ ತುಂಬಿಸಿದ ಬಾಯಿ ಮ್ಯಾಲ ಕುಂಡ್ರಾಕ ನನಗ ಆಗವಲ್ದವಾ. ಅದು ಉಕ್ಕಿ ನನ್ನ ಕಾಲಮಟಾ ಬಂದಾಗ, ಅದಕ್ಕೂ ಆಗವಲ್ದು ಅನಿಸ್ತು.”

ಇಷ್ಟು ವರ್ಷ ನನ್ನ ಹೊಟ್ಟೆಯಲ್ಲಿ ಆಡುತ್ತಿದ್ದ ಮುಳ್ಳು ಎಲ್ಲಿ ಹೋಯಿತೋ, ಅದರ ಜಾಗದಲ್ಲಿ ಬೇರೇನೋ ಬಂದು ಕೂತಿತು. ನಾಚಿಕೆಯೋ ದುಃಖವೋ. ನಾನು ಎದ್ದು ತಂಬಿಗೆ ತುಂಬಿ ತಂದೆ. ಅವರು ಕುಡಿಯಲಿಲ್ಲ. ಕುಡಿದರೆ ಮತ್ತೆ ಅಲ್ಲಿಗೇ ಹೋಗಬೇಕಲ್ಲ ಎಂಬ ಅವರ ಹೆದರಿಕೆ ಈಗ ನನಗೂ ಅರ್ಥವಾಗುತ್ತಿತ್ತು. ಹೊಸ ಗುಂಡಿ ಆಗುವ ತನಕ ಕುರ್ಚಿಯ ಮೇಲೆ ಕೂರಬೇಕು, ಬಕೆಟ್ಟು ನಾನೇ ಎತ್ತುತ್ತೇನೆ, ಇದಕ್ಕೆ ಒಪ್ಪದಿದ್ದರೆ ನಾನೂ ನೀರು ಮುಟ್ಟುವುದಿಲ್ಲ ಎಂದು ಪಟ್ಟು ಹಿಡಿದೆ. ಅವತ್ತು ಸಂಜೆಯ ಚಹಾ ಬಿಟ್ಟೆ, ರಾತ್ರಿಯ ಊಟಕ್ಕೆ ನೀರಿಲ್ಲದೆ ಕೂತೆ. ರೊಟ್ಟಿ ಗಂಟಲಲ್ಲಿ ಸಿಕ್ಕಿ ನಾನು ಕೆಮ್ಮುವುದನ್ನು ನೋಡಲಾರದೆ ಅವರು ಎರಡು ಗುಟುಕು ಕುಡಿದರು. ನಾನೂ ಎರಡೇ ಗುಟುಕು ಕುಡಿದೆ. ಹಾಗೆ ಗುಟುಕಿಗೆ ಗುಟುಕು ಹೊಂದಿಸಿಕೊಂಡು ದಿನ ದೂಡಿದೆವು. ಜೀವ ಹಿಡಿಯುವಷ್ಟು ಕುಡಿಯುತ್ತಿದ್ದರು, ಮನಸಾರೆ ಅಲ್ಲ.

ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನುತ್ತಾರಲ್ಲ, ನಾವು ಗುಂಡಿ ತೋಡಲು ಹೊರಟೆವು. ಕಟ್ಟುವ ಕೆಲಸಕ್ಕೆ ಬಂದ ಗೌಂಡಿ ಹಗೇವಿನಲ್ಲಿ ಇಣುಕಿ, ಹೊಸದು ಯಾಕೆ, ಟ್ಯಾಂಕರಿನಿಂದ ಖಾಲಿ ಮಾಡಿಸಿ ಒಬ್ಬನನ್ನು ಒಳಗಿಳಿಸಿ ಗೋಡೆಗೆ ನಾಲ್ಕು ತೂತು ಹೊಡೆಸಿದರೆ ನೀರು ತಾನೇ ಹೊರಗೆ ಹೋಗುತ್ತದೆ ಅಂದ. ಸುಲಭದ ದಾರಿ. ಯಜಮಾನರು ಅನುಮಾನಿಸುತ್ತ ನನ್ನ ಮುಖ ನೋಡಿದರು. ಕಿಟಕಿಯ ಸರಳಿನ ಹಿಂದಿನಿಂದ ಅತ್ತೆಯ ದನಿ ಬಂತು.

“ಅದರಾಗ ಯಾರೂ ಇಳಿಯಂಗಿಲ್ಲ. ಬರೇ ಜ್ವಾಳದ ಗಾಳಿನ ಆಳಿನ ಜೀವಾ ತಗೀತಿತ್ತು. ಇದು ಬಿಟ್ಟೀತೇನು?”

ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಗೌಂಡಿ ಮತ್ತೆ ಆ ಮಾತು ತೆಗೆಯಲಿಲ್ಲ. ಹಿತ್ತಲಿನ ಇನ್ನೊಂದು ಮೂಲೆಯಲ್ಲಿ, ಬೇವಿನ ಮರದಾಚೆ, ಹೊಸ ಗುಂಡಿ ಅಗೆಸಿದೆವು. ಎರೆಮಣ್ಣಿಗೆ ಬರೀ ಸಿಮೆಂಟಿನ ರಿಂಗು ಇಳಿಸಿದರೆ ನಡೆಯದು, ನೀರು ಇಂಗಲು ಸುತ್ತಲೂ ದಪ್ಪಗೆ ಖಡಿ, ಜಲ್ಲಿಕಲ್ಲು ತುಂಬಬೇಕು ಎಂದಾಯಿತು. ಖಡಿಯ ಟ್ರ್ಯಾಕ್ಟರು ಗಜೇಂದ್ರಗಡದ ಕಡೆಯಿಂದಲೇ ಬಂತು. ದೀಪಾವಳಿಗೆ ತವರಿನಿಂದ ಎಲ್ಲರಿಗೂ ಸೀರೆ ಬಂದರೆ ಗಡದಾಕಿಗೆ ಕಲ್ಲು ಬಂದವು ಎಂದು ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ನಗೆಯಾಡಿದಳು. ನಾನು ದಿನವಿಡೀ ಗುಂಡಿಗೂ ಕೋಣೆಗೂ ಲಾಳಿಯಂತೆ ಓಡಾಡುತ್ತ, ಅಲ್ಲಿ ಎಷ್ಟು ಆಳವಾಯಿತು ನೋಡುವುದು, ಇಲ್ಲಿ ಎಷ್ಟು ನೀರಿಳಿಯಿತು ನೋಡುವುದು. ಕೆಲಸದವರಿಗೆ ನನ್ನ ಕಾಟ ಸಾಕುಸಾಕಾಗಿ ಹೋಗಿರಬೇಕು.

ಹೊಸ ಪೈಪು ಜೋಡಿಸಿದ ದಿನ ಹಗೇವನ್ನು ಕೊನೆಯ ಸಲ ಖಾಲಿ ಮಾಡಿಸಿ, ಸುಣ್ಣ ಸುರಿದು, ಗರಸುಮಣ್ಣು ತುಂಬಲು ಸುರುಮಾಡಿದರು. ಅತ್ತೆ ನಡುಮನೆಯ ಕುರ್ಚಿಯನ್ನು ಹಿತ್ತಲ ಬಾಗಿಲಿಗೆ ಹಾಕಲು ಹೇಳಿದರು. ಬಾಯಿ ಮುಚ್ಚುವ ಹೊತ್ತಿಗೆ ನನ್ನಿಂದ ಒಂದು ಬೊಗಸೆ ಬಿಳಿಜೋಳ ಕೇಳಿ ಪಡೆದು, ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲುವಂತೆ ಕೂತಲ್ಲಿಂದಲೇ ಬೀಸಿದರು. ಅರ್ಧ ಹಗೇವಿನ ಬಾಯಿಗೆ ಬಿತ್ತು, ಅರ್ಧ ಕೋಳಿಗಳಿಗೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ಯಜಮಾನರು ಆ ಕಡೆ ತಿರುಗಿ ಗರಸು ಎಳೆಯುತ್ತಿದ್ದರು.

ಮರುದಿನ ಮುಂಜಾನೆ ಅತ್ತೆಯನ್ನು ಒಯ್ದೆ. ಸೆರಗು ಬಾಯಿಗೆ ಹೋಗಲಿಲ್ಲ. ಅವರು ಹೊರಬಂದ ಮೇಲೆ ನಾನು ಫ್ಲಶ್ ಒತ್ತಿ ಉಸಿರು ಹಿಡಿದು ನಿಂತೆ. ನೀರು ಒಮ್ಮೆ ತಿರುಗಿ ಸರ್ರನೆ ಇಳಿಯಿತು. ಇನ್ನೊಮ್ಮೆ ಒತ್ತಿದೆ. ಮತ್ತೂ ಒಮ್ಮೆ ಒತ್ತಲು ಹೋದಾಗ, ಊರಿನ ಕೆರೆಯೆಲ್ಲ ಬರಿದು ಮಾಡಬೇಡ, ಬಾ ಎಂದು ಹೊರಗಿನಿಂದ ಬೈದರು. ದೀಪಾವಳಿಗೆ ಬಂದ ನಾದಿನಿಗೆ, ನಾನು ನಿನ್ನ ಮನೆಗೆ ಬರುವುದಲ್ಲ, ನಾಗರಪಂಚಮಿಗೆ ನೀನೇ ತವರಿಗೆ ಬಾ ಎಂದು ಹೇಳಿ ಕಳಿಸಿದರು.

ಅವಳು ಹೋದ ಸಂಜೆ ಎಂದಿನಂತೆ ಕೌದಿ ಮಡಚುವ ನೆಪ ಮಾಡಿಕೊಂಡು ಕೋಣೆಗೆ ಹೋದೆ. ಕಣ್ಣು ತಂಬಿಗೆಯ ಕಡೆ ಹೋಗುವ ಮೊದಲೇ ಅತ್ತೆ ಅದನ್ನು ಎತ್ತಿ, ಬಾಯಿ ಕೆಳಗೆ ಮಾಡಿ ಹಿಡಿದು ತೋರಿಸಿದರು. ಒಂದು ಹನಿ ಬೀಳಲಿಲ್ಲ.

“ದಿನಾ ಕದ್ದು ನೋಡತಿದ್ದೆಲ್ಲ, ಈಗ ಎದುರಿಗೇ ನೋಡು. ನಂಬಿಗಿ ಇಲ್ಲಂದ್ರ ಕಿಡಕಿ ಕೆಳಗ ಹೋಗಿ ನೋಡಿ ಬಾ.”

ಬೇರೆ ಯಾವ ಸೊಸೆಯಾಗಿದ್ದರೂ ನಕ್ಕು ಅಲ್ಲೇ ನಿಲ್ಲುತ್ತಿದ್ದಳು. ನಾನು ಹೋಗಿ ನೋಡಿದೆ. ಕಿಟಕಿಯ ಕೆಳಗಿನ ಮಣ್ಣು ಒಣಗಿ ಬಿರಿದಿತ್ತು, ಪುದೀನಾ ಬಾಡಿ ನೆಲಕ್ಕೆ ಒರಗಿತ್ತು. ಬಚ್ಚಲಿಗೆ ಹೋಗಿ ಒಂದು ಚೊಂಬು ನೀರು ತಂದು ಅದಕ್ಕೆ ಹಾಕಿ ಬಂದೆ.